ಘಟ್ಟದ ಇಳಿಜಾರೂ ವೇಗದ ಲೆಕ್ಕವೂ

ನಮ್ಮ ಮಲೆನಾಡಿನ ಚರಿತ್ರೆಯನ್ನು ಬರೆಯುವವರು ಅರಸರ ವಂಶಾವಳಿಯನ್ನೂ, ಕಳಸದ ದೇವಾಲಯದ ಮಹಿಮೆಯನ್ನೂ, ಬಾಬಾ ಬುಡನರು ಅರಬ್ಬೀ ದೇಶದಿಂದ ಕಾಫಿಯ ಬೀಜಗಳನ್ನು ತಂದರೆಂಬ ಐತಿಹ್ಯವನ್ನೂ ತಪ್ಪದೆ ಹೇಳುತ್ತಾರೆ. ಆದರೆ ಈ ಸೀಮೆಯ ಜನರ ಬಾಳನ್ನು ಅರಸರಿಗಿಂತಲೂ ಬಿಗಿಯಾಗಿ ಆಳಿದುದು ಇನ್ನೊಂದುಂಟು. ಅದು ನೆಲದ ಇಳಿಜಾರು. ಕಾಫಿಯ ಗಿಡವು ಬೆಟ್ಟದ ಮೇಲೆ ಬೆಳೆಯುವುದು. ಅದನ್ನು ಕೊಳ್ಳುವವರಿದ್ದುದು ಕಡಲಿನಾಚೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಮೊದಲಾದ ಐರೋಪ್ಯರು ಬಾಬಾ ಬುಡನ್ ಗಿರಿಯ ದಕ್ಷಿಣದ ಬೆಟ್ಟಗಳಲ್ಲಿ ತೋಟಗಳನ್ನು ಹಾಕಿದ ಮೇಲೆ ಬೆಳೆ ಹೆಚ್ಚಿತು. ಬೆಳೆ ಹೆಚ್ಚಿದಂತೆಲ್ಲ ಮೂಟೆಗಳನ್ನು ಘಟ್ಟದ ಕೆಳಕ್ಕೆ, ಮಂಗಳೂರಿನ ಬಂದರಿಗೆ ಸಾಗಿಸುವ ಚಿಂತೆಯೂ ಹೆಚ್ಚಿತು. ಮೂಡಿಗೆರೆಯ ಕಡೆಯವರಿಗೆ ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿಯ ದಾರಿಯೇ ಕಡಲಿನ ಬಾಗಿಲಾಯಿತು.

ಭಾರದ ಗಾಡಿಯನ್ನು ಘಟ್ಟ ಹತ್ತಿಸುವುದು ಕಷ್ಟವೆಂದು ಎಲ್ಲರೂ ಬಲ್ಲರು. ಇಳಿಸುವುದು ಅದಕ್ಕಿಂತ ಭಯಂಕರವೆಂಬುದನ್ನು ಗಾಡಿ ಹೊಡೆಯುವವನು ಮಾತ್ರ ಬಲ್ಲನು. ಹತ್ತುವಾಗ ಎತ್ತು ಸೋತರೆ ಗಾಡಿ ನಿಂತೀತು. ಚಕ್ರಕ್ಕೊಂದು ಕಲ್ಲು ಕೊಟ್ಟು ದಣಿವಾರಿಸಿಕೊಳ್ಳಬಹುದು. ಇಳಿಯುವಾಗ ಬಿರಿ ಸಡಿಲವಾದರೆ ಮೂಟೆಗಳ ಭಾರವೆಲ್ಲ ಎತ್ತುಗಳ ಕತ್ತಿನ ಮೇಲೆ ನುಗ್ಗುವುದು. ಮೊದಲ ಕೆಲವು ಮಾರುಗಳಲ್ಲಿ ತಡೆಯಬಹುದಾದ ಗಾಡಿಯು ಮುಂದಿನ ತಿರುವಿನ ಹೊತ್ತಿಗೆ ಯಾರ ಕೈಗೂ ಸಿಕ್ಕದು. ವೇಗವು ಸ್ವಲ್ಪವೇ ಏರಿದಾಗ ಅದರ ಪೆಟ್ಟು ಅಷ್ಟೊಂದು ಬೆಳೆಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಯೂರೋಪಿನ ಪಂಡಿತರು ಸುಮಾರು ಇನ್ನೂರು ವರ್ಷಗಳನ್ನು ಕಳೆದರು. ಆ ಕಥೆಯನ್ನು ತಿಳಿದರೆ ನಮ್ಮ ಘಟ್ಟದ ದಾರಿಯೂ ಚೆನ್ನಾಗಿ ತಿಳಿಯುವುದು.

ಇಟಲಿಯ ಗೆಲಿಲಿಯೋ ೧೬೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೀಳುವ ವಸ್ತುವಿನ ನಡೆಯನ್ನು ನಿರೂಪಿಸಿದನು. ಮೊದಲ ಕ್ಷಣದಲ್ಲಿ ವಸ್ತುವು ಒಂದು ಪಾಲು ದೂರ ಬಿದ್ದರೆ ಎರಡನೆಯ ಕ್ಷಣದಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು ಪಾಲು ಬೀಳುವುದು. ವೇಗವಾದರೋ ಪ್ರತಿ ಕ್ಷಣವೂ ಸಮಸಮನಾಗಿ ಏರುವುದು. ಆದುದರಿಂದ ಒಂದರಷ್ಟು ವೇಗವನ್ನು ಪಡೆಯಲು ಒಂದು ಪಾಲು ಎತ್ತರ ಸಾಕಾದರೆ, ಅದನ್ನು ಇಮ್ಮಡಿ ಮಾಡಲು ಒಟ್ಟು ನಾಲ್ಕು ಪಾಲು ಬೇಕು, ಮುಮ್ಮಡಿಗೆ ಒಂಬತ್ತು. ಮುಂದಣ ವಾದವೆಲ್ಲ ಈ ಸರಳ ಲೆಕ್ಕದೊಳಗೆ ಅಡಗಿದ್ದಿತು.

ಚಲಿಸುವ ವಸ್ತುವಿನ ಬಲವನ್ನು ಅದರ ದ್ರವ್ಯರಾಶಿಯಿಂದ ವೇಗವನ್ನು ಗುಣಿಸಿ ಅಳೆಯಬೇಕೆಂಬುದು ಫ್ರಾನ್ಸಿನ ಡೇಕಾರ್ಟನ ಅನುಯಾಯಿಗಳ ಮತ. ಜರ್ಮನಿಯ ಲೈಬ್ನಿಟ್ಸ್ ೧೬೮೬ರಲ್ಲಿ ಇದನ್ನು ಖಂಡಿಸಿ, ಗುಣಿಸಬೇಕಾದುದು ವೇಗದ ವರ್ಗದಿಂದ ಎಂದನು. ತಾನು ಹೇಳಿದ ಈ ಪ್ರಮಾಣಕ್ಕೆ ಮುಂದೆ ಅವನು ‘ಜೀವಂತ ಬಲ’ವೆಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಹಾಲೆಂಡಿನ ಗ್ರಾವೆಸಾಂಡೆ ಎಂಬ ವಿದ್ವಾಂಸನು ೧೭೨೨ರ ಸುಮಾರಿನಲ್ಲಿ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಪರೀಕ್ಷೆ ಮಾಡಿದನು. ಇಮ್ಮಡಿ ವೇಗದ ಗುಂಡು ಇಮ್ಮಡಿಯಲ್ಲ, ನಾಲ್ಮಡಿ ಗುಣಿಯನ್ನು ಮಾಡಿತು. ಎಮಿಲಿ ದು ಶಾತ್ಲೆ ಎಂಬ ವಿದುಷಿಯು ೧೭೪೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವರ್ಗದ ಪಕ್ಷವನ್ನು ಸಮರ್ಥವಾಗಿ ಮಂಡಿಸಿದಳು. ಡೇಕಾರ್ಟನವರ ಅಳತೆಯೂ ಸುಳ್ಳಾಗಲಿಲ್ಲ. ಬಲವು ಎಷ್ಟು ಹೊತ್ತು ಎಳೆಯಿತೆಂಬುದಕ್ಕೆ ಅದು ಸಲ್ಲುವುದು, ಎಷ್ಟು ದೂರ ಎಳೆಯಿತೆಂಬುದಕ್ಕೆ ಲೈಬ್ನಿಟ್ಸನದು.

ಕಟ್ಟಕಡೆಗೆ ೧೮೨೯ರಲ್ಲಿ ಫ್ರಾನ್ಸಿನ ಕೊರಿಯಾಲಿಸ್ ಎಂಬುವನು, ಬಲವನ್ನೂ ಅದು ನಡೆಯಿಸಿದ ದೂರವನ್ನೂ ಗುಣಿಸಿದ ಫಲಕ್ಕೆ ‘ಕಾರ್ಯ’ವೆಂಬ ಅರ್ಥದ ಹೆಸರನ್ನು ನಿಲ್ಲಿಸಿ, ಜೀವಂತ ಬಲದ ಅರ್ಧವನ್ನು ಲೆಕ್ಕಕ್ಕೆ ಹಿಡಿದನು. ಆಗ ಎರಡೂ ಸರಿಹೋದುವು. ವಸ್ತುವಿನ ಮೇಲೆ ಎಲ್ಲ ಬಲಗಳೂ ಸೇರಿ ಮಾಡಿದ ಕಾರ್ಯವೆಷ್ಟೋ ಅದರ ಚಲನಶಕ್ತಿಯಲ್ಲಿ ಆದ ಹೆಚ್ಚುಕಡಿಮೆಯೂ ಅಷ್ಟೇ. ಎಳೆಯುವ ಬಲದ ಕಾರ್ಯವು ಜಮೆ, ತಡೆಯುವ ಬಲದ ಕಾರ್ಯವು ಖರ್ಚು. ಉಳಿದ ಶಿಲ್ಕೇ ವೇಗ.

ಈ ಜಮಾಖರ್ಚನ್ನು ನಮ್ಮ ಗಾಡಿಗೆ ಹಚ್ಚಿ ನೋಡೋಣ. ಸಾಮಾನು ಸೇರಿ ೧,೦೦೦ ಕಿಲೋಗ್ರಾಂ ತೂಗುವ ಗಾಡಿಯೊಂದು ೬೦೦ ಮೀಟರ್ ಎತ್ತರವನ್ನು ಇಳಿಯಿತೆಂದು ಭಾವಿಸಿರಿ. ಭೂಮಿಯ ಸೆಳೆತವು ಅದರ ಮೇಲೆ ಮಾಡುವ ಕಾರ್ಯವು ಸುಮಾರು ೫೯ ಲಕ್ಷ ಜೂಲುಗಳು. ತಡೆಯೇ ಇಲ್ಲದಿದ್ದರೆ ಗಾಡಿಯು ತಳವನ್ನು ಮುಟ್ಟುವಾಗ ಗಂಟೆಗೆ ೩೯೦ ಕಿಲೋಮೀಟರ್ ವೇಗದಲ್ಲಿರುತ್ತಿತ್ತು. ಆದರೆ ಎತ್ತಿನ ಹೆಜ್ಜೆಯಲ್ಲಿ, ಗಂಟೆಗೆ ೪ ಕಿಲೋಮೀಟರಿನಂತೆ ಇಳಿದ ಗಾಡಿಯಲ್ಲಿರುವ ಚಲನಶಕ್ತಿಯು ೬೨೦ ಜೂಲುಗಳಷ್ಟೆ. ಉಳಿದುದೆಲ್ಲ ಎಲ್ಲಿಗೆ ಹೋಯಿತು? ಇಂಗ್ಲೆಂಡಿನ ಜೂಲ್ ಎಂಬುವನು ೧೮೪೦ರ ದಶಕದಲ್ಲಿ, ಕೆಳಗಿಳಿಯುವ ತೂಕದ ಬಟ್ಟುಗಳಿಂದ ನೀರನ್ನು ಕಡೆಯಿಸಿ ಅದು ಬೆಚ್ಚಗಾಗುವುದನ್ನು ಅಳೆದು ಇದಕ್ಕೆ ಉತ್ತರ ಕೊಟ್ಟನು. ಅದು ಶಾಖವಾಯಿತು. ಬಿರಿಯ ಮರದಲ್ಲಿ, ಚಕ್ರದ ಪಟ್ಟಿಯಲ್ಲಿ, ದಾರಿಯ ಕಲ್ಲಿನಲ್ಲಿ, ಹಿಂದಕ್ಕೆ ಒತ್ತಿ ನಿಲ್ಲುವ ಎತ್ತುಗಳ ಮೈಯಲ್ಲಿ ಅದು ಕರಗಿತು. ಒಟ್ಟುಗೂಡಿಸಿದ್ದರೆ ಹದಿನೇಳು ಲೀಟರ್ ತಣ್ಣೀರನ್ನು ಕುದಿಯಿಸಲು ಅಷ್ಟು ಶಾಖವು ಸಾಕಾಗುತ್ತಿತ್ತು.

ಅದೇ ಘಟ್ಟದಲ್ಲಿ ಈಗ ಓಡುವ ಲಾರಿಗಳ ತೂಕವು ಗಾಡಿಯ ಹತ್ತು ಮಡಿಗೂ ಹೆಚ್ಚು. ಗಂಟೆಗೆ ೨೦ ಕಿಲೋಮೀಟರಿನಲ್ಲಿರುವ ಲಾರಿಯನ್ನು ನಿಲ್ಲಿಸಲು ಬ್ರೇಕು ಮಾಡಬೇಕಾದ ಕಾರ್ಯಕ್ಕಿಂತ ೪೦ರಲ್ಲಿರುವುದನ್ನು ನಿಲ್ಲಿಸಲು ನಾಲ್ಮಡಿ ಕಾರ್ಯ ಬೇಕು. ತಡೆ ಒಂದೇ ಆಗಿದ್ದರೆ ನಾಲ್ಮಡಿ ದೂರವೂ ಬೇಕು. ಮಳೆಗಾಲದ ಮಂಜಿನಲ್ಲಿ ತಿರುವಿನಾಚೆ ಅಷ್ಟು ದೂರವಿರುವುದೆಂಬ ಭರವಸೆಯಿಲ್ಲ. ಇಳಿಜಾರಿನುದ್ದಕ್ಕೂ ಬ್ರೇಕನ್ನೇ ಒತ್ತಿದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುವುದು. ಕೆಳಗಿನ ಗೇರಿನಲ್ಲಿ ಇಳಿಯಿರೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಆಗ ಎಂಜಿನ್ನು ಖರ್ಚಿನ ಒಂದು ಪಾಲನ್ನು ಹೊರುವುದು.

ಇಳಿಜಾರನ್ನು ದುಡಿಸಿಕೊಂಡ ದೃಷ್ಟಾಂತವೂ ಕಳಸದ ಸಮೀಪದಲ್ಲೇ ಇದ್ದಿತು. ೧೯೭೬ರಲ್ಲಿ ಸ್ಥಾಪಿತವಾದ ಕುದುರೆಮುಖದ ಕಬ್ಬಿಣದ ಅದಿರಿನ ಕಂಪೆನಿಯು, ಪುಡಿಮಾಡಿ ಶುದ್ಧಗೊಳಿಸಿದ ಅದಿರನ್ನು ನೀರಿನಲ್ಲಿ ಕಲಸಿ, ಘಟ್ಟದ ಇಳಿಜಾರಿನ ನೆರವಿನಿಂದ ೬೭ ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹರಿಯಿಸುತ್ತಿತ್ತು. ಒಂದೇ ಹದದಲ್ಲಿ ಹರಿಯುವ ಕೊಳವೆಯೊಳಗೆ ನೂಕುವ ಕಾರ್ಯಕ್ಕೂ ಕೊಳವೆಯ ಘರ್ಷಣೆಗೂ ಜಮಾಖರ್ಚು ಸರಿಹೋಗಿ ವೇಗವು ಏರದೆ ನಿಲ್ಲುವುದು. ಆದರೆ ಗಣಿಗಾಗಿ ಗುಡ್ಡವನ್ನು ಅಗೆದಲ್ಲಿ ಮಳೆಯ ನೀರಿಗೆ ಅಂಥ ಕೊಳವೆಯಿಲ್ಲ. ಹುಲ್ಲೂ ಬೇರೂ ಹೋದ ಇಳಿಜಾರಿನಲ್ಲಿ ನೀರಿನ ವೇಗವು ಏರುವುದು, ಅದರೊಡನೆ ಮಣ್ಣೂ ಹೋಗುವುದು. ಭದ್ರೆಯ ನೀರು ಕೆಸರಾಗುವುದೆಂಬ ಜನರ ದೂರು ಬೆಳೆಯಿತು. ಸರ್ವೋಚ್ಚ ನ್ಯಾಯಾಲಯದ ೨೦೦೨ರ ಆಜ್ಞೆಯಂತೆ ೨೦೦೫ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು.

೨೦೧೯ರ ಆಗಸ್ಟಿನ ಮಹಾಮಳೆಯಲ್ಲಿ ಮೂಡಿಗೆರೆಯ ಸೀಮೆಯ ಗುಡ್ಡಗಳು ಜರಿದು ಚಾರ್ಮಾಡಿಯ ದಾರಿ ಮುಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಅಲ್ಲಿಯೂ ಎತ್ತರದಿಂದ ಬಂದ ಜಮೆಗೆ ತಡೆಯೆಂಬ ಖರ್ಚು ಸಾಲದಾಯಿತು. ಗಾಡಿಗೆ ಬಿರಿಯಿದ್ದಂತೆ ಬೆಟ್ಟಕ್ಕೆ ಕಾಡು. ದಾರಿಯನ್ನು ಅಗಲ ಮಾಡುವಾಗಲೂ ತೋಟವನ್ನು ಮೇಲಕ್ಕೆ ಒತ್ತುವಾಗಲೂ ಈ ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕಾದ ಭಾರವು ಇಲ್ಲಿ ಬಾಳುವ ನಮ್ಮೆಲ್ಲರ ಮೇಲಿದೆ.