ಪಾಟಲಿ, ಹೊಲ ಮತ್ತ ನಾಳಿನ ಮನಸ್ಸು

ಹೆಣ್ಮಕ್ಕಳಿಗೆ ಬಂಗಾರದ ಹುಚ್ಚು ಭಾಳ ಅಂತ ಗಂಡಸರು ನಗತಾರ. ಹಳೇ ಕಾಯ್ದೆ ಒಂದೊಂದ ನೋಡ್ಕೋತ ಹೋದ್ರ ಆ ಹುಚ್ಚಿನೊಳಗ ಎಷ್ಟು ಲೆಕ್ಕಾಚಾರ ಇತ್ತು ಅಂತ ತಿಳೀತದ ನೋಡ್ರಿ.

1937ರೊಳಗ ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಕಾಯ್ದೆ ಬಂತು. ಗಂಡ ತೀರಿಕೊಂಡಾಕಿಗೆ ಆಸ್ತಿಯೊಳಗ ಪಾಲು ಸಿಕ್ತು. ಆದ್ರ ಆಕಿ ಇರೋತನಕಾ ಅದರ ಉತ್ಪನ್ನ ಉಣಬೇಕು ಅಷ್ಟ, ಮನಸ್ಸಿಗೆ ಬಂದಂಗ ಮಾರೋ ಹಂಗಿರಲಿಲ್ಲ. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮ್ಯಾಲೆ ಅದು ಪೂರ್ತಿ ಆಕೀದಾತು. ಅಲ್ಲೀತನಕಾ ತನ್ನ ಸ್ವಂತದ್ದು ಅಂತ ಮುರದು ಬಳಸಲಿಕ್ಕೆ ಇದ್ದದ್ದು ಸ್ತ್ರೀಧನ, ಅಂದ್ರ ಹೆಚ್ಚಾಗಿ ಮೈಮ್ಯಾಲಿನ ಬಂಗಾರ.

ಮುಂದೂ ಹೊಲಾ ಮಾರೋದು ಸಲೀಸ ಆಗಲಿಲ್ಲ. ಕರ್ನಾಟಕದಾಗ 1974ರ ಭೂಸುಧಾರಣಾ ತಿದ್ದುಪಡಿಯಿಂದ 2020ರ ತನಕಾ ಒಕ್ಕಲುತನದವರಲ್ಲದವರು ಹೊಲಾ ಕೊಳ್ಳಲಿಕ್ಕೆ ಅಡ್ಡಿ ಇತ್ತು. ಕೊಳ್ಳವರು ಕಡಿಮಿ ಆದ್ರ ಮಾರವರಿಗೆ ತಡಾ ಆಗೋದ.

ನಮ್ಮ ಅತ್ತಿಯವರು ಪಾಟಲಿ ಮಾಡಿಸಿದಾಗ ಅವರ ಮನಸ್ಸಿನ್ಯಾಗ ಮಗಳ ಮದುವಿ ಇತ್ತು. ಮುರಿಸಿದ್ದು ಮಾತ್ರ ಆಕಿ ನರ್ಸಿಂಗ್ ಕಲಿಲಿಕ್ಕೆ. ಹುಡುಗಿ ಓದ್ತೀನಿ ಅಂತಾಳ ಅಂತ ಹತ್ತು ವರ್ಷದ ಹಿಂದ ಯಾರಿಗೆ ಗೊತ್ತಿತ್ತು? ಮಜೂರಿ ಹೋತು, ಆದ್ರ ಒಂದ ದಿನದಾಗ ರೊಕ್ಕ ಕೈಗೆ ಬಂತು. ಹೊಲಾ ಇದ್ದಿದ್ರ ಪ್ರವೇಶದ ತಾರೀಖ ಮುಗದು ಹೋಗತಿತ್ತು.

ಸರಕಾರ ಈ ಆಸೆ ಬಿಡಿಸಲಿಕ್ಕೂ ನೋಡ್ತು. ಚೀನಾ ಯುದ್ಧ ಆದ ಮ್ಯಾಲೆ 1963ರ ಜನವರಿಯೊಳಗ ಹೊಸಾ ಆಭರಣ 14 ಕ್ಯಾರೆಟ್ಟಿಗಿಂತ ಹೆಚ್ಚಿರಬಾರದು ಅಂತ ನಿಯಮ ಮಾಡಿದ್ರು, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ ಇದ್ದಾಗ. ಎಷ್ಟೋ ಪತ್ತಾರರ ಕೆಲಸ ಹೋತು, ಬಂಗಾರದ ಆಸೆ ಹೋಗಲಿಲ್ಲ. 1968ರ ಬಂಗಾರ ನಿಯಂತ್ರಣ ಕಾಯ್ದೇನೂ 1990ಕ್ಕ ರದ್ದಾತು.

ಅದೇ 1968ರೊಳಗ ಪಿಪಿಎಫ್ ಶುರುವಾತು. 15 ವರ್ಷದ ಗಂಟು. ಆದ್ರ ಅದಕ್ಕ ಸಣ್ಣ ಬಾಗಲಾ ಇಟ್ಟಾರ: 3ನೇ ವರ್ಷದಿಂದ ಸಾಲ, 7ನೇ ವರ್ಷದಿಂದ ಸ್ವಲ್ಪ ಸ್ವಲ್ಪ ತಗೀಬಹುದು. ಆ ಬಾಗಲಾ ಇರದಿದ್ರ ನಮ್ಮಂಥವರು ಎಷ್ಟು ಮಂದಿ ಹಾಕತಿದ್ವಿ, ಹೇಳ್ರಿ?

ಈಗ ನಮ್ಮ ಓಣ್ಯಾಗ ಒಬ್ಬರ ನಿವೃತ್ತಿ ರೊಕ್ಕ ಬಂದದ. ಎಲ್ಲಾ ಸೇರಿಸಿ ಊರ ಹೊರಗ ಒಂದು ಪ್ಲಾಟ್ ಹಿಡೀಬೇಕು ಅಂತ ಮಕ್ಕಳು ಕುಂತಾರ. ಪ್ಲಾಟ್ ತಗೊಳ್ಳಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಮಗಳ ಹತ್ರ ಹೋಗಿ ಇರಬೇಕು ಅನಸಬಹುದು, ಮೊಣಕಾಲು ಕೈಕೊಡಬಹುದು, ನಾಳೆ ಏನು ಬೇಕಾಗ್ತದೋ ಇವತ್ತ ಗೊತ್ತಿಲ್ಲ. ಲಗೂನ ಮುರೀಲಿಕ್ಕೆ ಬರೋವಂಥಾದ್ದು ಒಂದಿಷ್ಟು ಆ ಅಕ್ಕನ ಹೆಸರಿನ್ಯಾಗ ಬ್ಯಾರೇನ ಇರಲಿ. ಬಡ್ಡಿ ಕಡಿಮಿ ಬಂದ್ರೂ ನಡೀತದ.