ಲೂನಾ ಹಿಂದೆ ಪ್ಯಾರಿಸ್ಸಿಗೆ

ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ದಿನಗಳಲ್ಲಿ ನಮಗೊಂದು ಚಟ ಇತ್ತು. ಕಬ್ಬು ತುಂಬಿದ ಟ್ರಾಕ್ಟರ್ ಕಂಡರೆ ಸಾಕು, ಅದರ ಹಿಂದೆ ಅಂಟಿಕೊಂಡುಬಿಡುವುದು. ಒಂದು ಜಲ್ಲೆ ಎಳೆದುಕೊಳ್ಳುವ ಆಸೆ ಇದ್ದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಲಾಭ ಎಂದರೆ ಎದುರುಗಾಳಿಯೇ ಇಲ್ಲದಿರುವುದು. ಪೆಡಲ್ ಹಗುರಾಗುತ್ತಿತ್ತು, ಯಾರೋ ಬೆನ್ನ ಮೇಲೆ ಕೈಯಿಟ್ಟು ತಳ್ಳಿದ ಹಾಗೆ. ಒಂದು ದಿನ ಟ್ರಾಕ್ಟರಿನವನು ದಿಢೀರ್ ಬ್ರೇಕ್ ಹಾಕಿ, ನನ್ನ ಮುಂದಿನ ಚಕ್ರ ಸೊಟ್ಟಗಾಗಿ, ಮನೆಯಲ್ಲಿ ಅಪ್ಪನ ಹತ್ತಿರ ಬೈಸಿಕೊಂಡ ಮೇಲೆ ಆ ಚಟ ಬಿಟ್ಟುಹೋಯಿತು.

ಇದೇ ಚಟವನ್ನು ನಿಯಮವನ್ನಾಗಿ ಮಾಡಿಕೊಂಡ ರೇಸೊಂದು ಫ್ರಾನ್ಸಿನಲ್ಲಿತ್ತು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಬೋರ್ಡೋ–ಪ್ಯಾರಿಸ್. ಮಲೆನಾಡಿನವರಿಗೆ ಬೋರ್ಡೋ ಹೆಸರು ಹೊಸದೇನಲ್ಲ, ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಹೊಡೆಯುವ ಬೋರ್ಡೋ ದ್ರಾವಣದ ಅದೇ ಊರು. ಅಲ್ಲಿಂದ ಪ್ಯಾರಿಸ್ಸಿಗೆ, ವರ್ಷ ವರ್ಷ ಸ್ವಲ್ಪ ಹೆಚ್ಚುಕಡಿಮೆಯಾಗುತ್ತ, 560ರಿಂದ 600 ಕಿಲೋಮೀಟರ್. ಅಂದರೆ ಬೆಂಗಳೂರಿನಿಂದ ಹೊರಟು ಬೆಳಗಾವಿ ದಾಟಿ ನಿಪ್ಪಾಣಿ ತಲುಪಿದಷ್ಟು. ಅದೂ ಒಂದೇ ಉಸಿರಿನಲ್ಲಿ. ಈಗ ಉಳಿದಿರುವ ದೊಡ್ಡ ಒಂದು ದಿನದ ರೇಸುಗಳಲ್ಲಿ ಅತಿ ಉದ್ದದ್ದು ಎನ್ನುವ ಮಿಲಾನ್–ಸ್ಯಾನ್ ರೆಮೋ ಕೂಡ 300 ಕಿಲೋಮೀಟರಿನ ಆಸುಪಾಸಿನದು. ಇದು ಅದರ ಹತ್ತಿರ ಹತ್ತಿರ ಎರಡರಷ್ಟು! 1891ರಲ್ಲಿ ಶುರುವಾದ ಈ ರೇಸ್ 1988ರಲ್ಲಿ ನಿಂತುಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಉದ್ದ ಅಲ್ಲ, ಡೆರ್ನಿ. ನಮ್ಮ ಲೂನಾ ನೆನಪಿದೆಯಲ್ಲ? ಇಂಜಿನ್ನೂ ಇದೆ, ಪೆಡಲ್ಲೂ ಇದೆ. ಡೆರ್ನಿ ಅದರ ಫ್ರೆಂಚ್ ದೊಡ್ಡಪ್ಪ. ಪ್ಯಾರಿಸ್ಸಿನ ಡೆರ್ನಿ ಎಂಬ ಕಂಪನಿ 1938ರ ಸುಮಾರಿಗೆ ತಯಾರಿಸಿದ್ದು, 98 ಸಿಸಿ ಇಂಜಿನ್. ಅದನ್ನು ಓಡಿಸುವವನು ನೆಟ್ಟಗೆ ಕೂತು ತಾನೂ ಪೆಡಲ್ ತುಳಿಯುತ್ತಲೇ ಇರುತ್ತಾನೆ, ವೇಗ ಏರುವುದೂ ಇಳಿಯುವುದೂ ಜರ್ಕ್ ಇಲ್ಲದೆ ಆಗಲಿ ಎಂದು. ಹಿಂದಿರುವ ಸೈಕಲ್ಲಿನ ಮುಂದಿನ ಚಕ್ರಕ್ಕೂ ಡೆರ್ನಿಯ ಹಿಂದಿನ ಚಕ್ರಕ್ಕೂ ಒಂದು ಗೇಣಿನ ಅಂತರ. ನಮ್ಮ ಟ್ರಾಕ್ಟರಿನವನಿಗೆ ಈ ಸಂಸ್ಕಾರ ಇದ್ದಿದ್ದರೆ ನನ್ನ ಚಕ್ರ ಉಳಿಯುತ್ತಿತ್ತು :)

ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ರೇಸಿನ ಕ್ರಮ ಹೀಗಿತ್ತು. ನಡುರಾತ್ರಿ ದಾಟಿದ ಮೇಲೆ ಬೋರ್ಡೋದಿಂದ ಹೊರಡುವುದು. ಕತ್ತಲಲ್ಲಿ, ಚಳಿಯಲ್ಲಿ, ದಪ್ಪ ಬಟ್ಟೆ ಹಾಕಿಕೊಂಡು, ಎಲ್ಲರೂ ಗುಂಪಾಗಿ ಹೋಗುವುದು. ಬೆಳಗಾದ ಮೇಲೆ ಪ್ವಾತಿಯೇ ಅಥವಾ ಶಾತೆಲೆರೋ ಊರಿನ ಹತ್ತಿರ ನಿಂತು ಬಟ್ಟೆ ಬದಲಿಸಿ, ತಮಗಾಗಿ ಕಾದಿರುವ ಡೆರ್ನಿಗಳ ಹಿಂದೆ ಸೇರಿಕೊಳ್ಳುವುದು. ನಿಜವಾದ ರೇಸ್ ಆಗ ಶುರು. ಇನ್ನೂ ಸುಮಾರು 300 ಕಿಲೋಮೀಟರ್, ಕಣ್ಣೆದುರಿಗೆ ಒಬ್ಬನ ಬೆನ್ನು, ಮೂಗಿಗೆ ಪೆಟ್ರೋಲ್ ಹೊಗೆ.

ಮೊದಲ ರೇಸಿನಲ್ಲೇ ಇನ್ನೊಬ್ಬರು ಸೀಳಿದ ಗಾಳಿಯಲ್ಲಿ ಹೋಗುವ ಅಭ್ಯಾಸ ಇತ್ತು. ಆಗ ಮುಂದೆ ಹೋಗುತ್ತಿದ್ದವರು ಬೇರೆ ಸೈಕಲ್ ಸವಾರರು, ಸರದಿಯ ಮೇಲೆ. 1891ರ ಮೇ ತಿಂಗಳಲ್ಲಿ ನಡೆದ ಆ ರೇಸನ್ನು ಏರ್ಪಡಿಸಿದ್ದು ವೆಲೋಸ್ ಸ್ಪೋರ್ ಎಂಬ ಪತ್ರಿಕೆ. ದುಡ್ಡಿಗೆ ಓಡಿಸುವವರು ಇರಬಾರದು ಎಂದು ಬ್ರಿಟಿಷರು ಷರತ್ತು ಹಾಕಿದ್ದರಿಂದ ಶಾರ್ಲ್ ತೆರೋನಂಥ ಫ್ರೆಂಚ್ ವೃತ್ತಿಪರರು ಹೊರಗುಳಿದರು. ದಾರಿಯಲ್ಲಿ ಸವಾರರು ಮಲಗಿ ಏಳುತ್ತಾರೆ ಎಂದುಕೊಂಡು ಸಂಘಟಕರು ಹಾಸಿಗೆ ಸಿದ್ಧಮಾಡಿದ್ದರಂತೆ. ಜಿ.ಪಿ. ಮಿಲ್ಸ್ ಎಂಬ ಇಂಗ್ಲಿಷಿನವನು ಹಾಸಿಗೆಯ ಕಡೆ ತಿರುಗಿಯೂ ನೋಡದೆ ಸುಮಾರು 26 ಗಂಟೆ 35 ನಿಮಿಷದಲ್ಲಿ ಪ್ಯಾರಿಸ್ ಮುಟ್ಟಿದ. ಮೊದಲ ನಾಲ್ಕೂ ಸ್ಥಾನ ಬ್ರಿಟಿಷರ ಪಾಲು!

ಎಂಟೇ ವರ್ಷದಲ್ಲಿ, 1899ರಲ್ಲಿ, ಇದು ಹದಿನಾರೂವರೆ ಗಂಟೆಗೆ ಇಳಿಯಿತು. ಕಾರಣ ಸವಾರರ ಕಾಲಲ್ಲ, ಅವರ ಮುಂದೆ ಓಡುತ್ತಿದ್ದ ಮೋಟಾರು ಕಾರು. ಗೆದ್ದದ್ದು ಕಾನ್‌ಸ್ತಾ ಉರೆಯೋ, ಕಾರೋ? ಈ ಪ್ರಶ್ನೆ ರೇಸಿನ ಬೆನ್ನು ಬಿಡಲೇ ಇಲ್ಲ.

ನಡುವೆ 1896ರ ಕತೆ ಓದಿದಾಗ ಮನಸ್ಸು ಕಲಕಿತು. ವೇಲ್ಸ್‌ನ ಆರ್ಥರ್ ಲಿಂಟನ್ ಮತ್ತು ಫ್ರಾನ್ಸಿನ ಗಾಸ್ತೋ ರಿವಿಯೇರ್ ಇಬ್ಬರನ್ನೂ ಸಮವಾಗಿ ಗೆದ್ದವರು ಎಂದು ಘೋಷಿಸಿದ ವರ್ಷ ಅದು. ಅದಾಗಿ ಎರಡು ತಿಂಗಳಿಗೆ, ಜುಲೈನಲ್ಲಿ, ಲಿಂಟನ್ ತೀರಿಕೊಂಡ. ಇನ್ನೂ ಮೂವತ್ತು ತುಂಬಿರಲಿಲ್ಲ. ದಾಖಲೆಯಲ್ಲಿರುವ ಕಾರಣ ಟೈಫಾಯಿಡ್. ಅವನ ಕೋಚ್ ಏನೇನೋ ಕುಡಿಸುತ್ತಿದ್ದ ಎಂಬ ಅನುಮಾನ ಮಾತ್ರ ಇಂದಿಗೂ ಉಳಿದಿದೆ.

ಈಗ 1965ಕ್ಕೆ ಬರೋಣ. ಈ ರೇಸಿನ ಬಗ್ಗೆ ಒಂದೇ ಕತೆ ಹೇಳು ಎಂದರೆ ಎಲ್ಲರೂ ಹೇಳುವುದು ಇದನ್ನೇ, ನಾನೂ ಅದರಿಂದ ತಪ್ಪಿಸಿಕೊಳ್ಳಲಾರೆ. ಜಾಕ್ ಆಂಕ್ತಿಲ್ ಅಷ್ಟರಲ್ಲಿ ಐದು ಸಲ ಟೂರ್ ದ ಫ್ರಾನ್ಸ್ ಗೆದ್ದಾಗಿತ್ತು. ಆದರೂ ಫ್ರಾನ್ಸಿನ ಜನ ಪ್ರೀತಿಸುತ್ತಿದ್ದದ್ದು, ಅವನ ಎದುರು ಸೋಲುತ್ತಿದ್ದ ರೇಮೋ ಪೂಲಿದೋರನನ್ನು. ಆಂಕ್ತಿಲ್ ಗೆಲ್ಲುತ್ತಿದ್ದದ್ದು ಲೆಕ್ಕ ಹಾಕಿ, ಬೇಕಾದಷ್ಟೇ. ಲೆಕ್ಕದವರನ್ನು ಯಾರು ತಾನೆ ಎದೆಗೆ ಹಚ್ಚಿಕೊಳ್ಳುತ್ತಾರೆ? ಅವನ ಟೀಮಿನ ನಿರ್ದೇಶಕ ರಾಫಾಯೆಲ್ ಜೆಮಿನಿಯಾನಿಗೆ ಇದು ಗೊತ್ತಿತ್ತು. ಲೆಕ್ಕಕ್ಕೆ ಸಿಗದ ಒಂದು ಹುಚ್ಚು ಕೆಲಸ ಅವನೇ ಹುಡುಕಿದ.

ದೋಫಿನೆ ಲಿಬೆರೆ ಎಂಬುದು ಆಲ್ಪ್ಸ್ ಬೆಟ್ಟಗಳ ಮೇಲೆ ಹಾದುಹೋಗುವ, ಒಂದು ವಾರದ ರೇಸ್. ಆ ವರ್ಷ ಅದು ಮೇ 29ರ ಸಂಜೆ ಅವಿನ್ಯೋನಿನಲ್ಲಿ ಮುಗಿಯಿತು. ಆಂಕ್ತಿಲ್ ಮೊದಲು, ಪೂಲಿದೋರ್ ಎರಡನೆಯವನು. ಅಲ್ಲಿಂದ ಸ್ನಾನ, ಊಟ ಮುಗಿಸಿ, ನೀಮ್ ಊರಿಗೆ ಹೋಗಿ ವಿಮಾನ ಹತ್ತಿ ಬೋರ್ಡೋಗೆ. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಬೋರ್ಡೋ–ಪ್ಯಾರಿಸ್ಸಿನ ಸಾಲಿನಲ್ಲಿ ನಿಂತಿದ್ದ. ಉಳಿದವರೆಲ್ಲ ಈ ಒಂದು ದಿನಕ್ಕಾಗಿ ತಯಾರಾಗಿ, ನಿದ್ದೆ ಮಾಡಿ ಬಂದವರು.

ಆ ಚಳಿರಾತ್ರಿಯಲ್ಲಿ ಅವನು ಸೋತುಹೋದ. ಹೊಟ್ಟೆ ನೋವು ಬೇರೆ. ಸಾಕು, ಇಳಿಯುತ್ತೇನೆ ಎಂದ. ಜೆಮಿನಿಯಾನಿ ಸಮಾಧಾನ ಹೇಳಲಿಲ್ಲ, ಅಭಿಮಾನಕ್ಕೆ ಚುಚ್ಚಿದ. ಚುಚ್ಚು ನಾಟಿತು. ಕೊನೆಯ ಹಂತದಲ್ಲಿ ಉಳಿದದ್ದು ಮೂವರು: ಆಂಕ್ತಿಲ್, ಅವನದೇ ಟೀಮಿನ ಜಾ ಸ್ತಾಬ್ಲಿನ್ಸ್ಕಿ, ಮತ್ತು 1963ರಲ್ಲಿ ಇದೇ ರೇಸ್ ಗೆದ್ದಿದ್ದ ಇಂಗ್ಲೆಂಡಿನ ಟಾಮ್ ಸಿಂಪ್ಸನ್. ಜೊತೆಗಾರರಿಬ್ಬರೂ ಒಬ್ಬರಾದ ಮೇಲೊಬ್ಬರು ಮುನ್ನುಗ್ಗಿ ಸಿಂಪ್ಸನ್ನನನ್ನು ಸುಸ್ತುಮಾಡಿದರು. ಪಾರ್ಕ್ ದೆ ಪ್ರಾನ್ಸ್ ಅಂಗಳಕ್ಕೆ ಆಂಕ್ತಿಲ್ ಒಬ್ಬನೇ ಬಂದ, ಸ್ತಾಬ್ಲಿನ್ಸ್ಕಿಗಿಂತ 57 ಸೆಕೆಂಡ್ ಮುಂದೆ. ಅಲ್ಲಿದ್ದ ಜನ ಕುಣಿದಾಡಿದರು. ಐದು ಟೂರ್ ಕೊಡದ ಪ್ರೀತಿಯನ್ನು ಈ ಒಂದು ನಿದ್ದೆಗೆಟ್ಟ ರಾತ್ರಿ ಕೊಟ್ಟಿತು.

ನಾನು ಇಲ್ಲಿಗೇ ನಿಲ್ಲಿಸಿದ್ದರೆ ಚಂದವಿತ್ತು. ಆದರೆ ಓದುತ್ತಾ ಹೋದಂತೆ ಒಂದು ತಾರೀಖು ಕಣ್ಣಿಗೆ ಬಿತ್ತು. ಅವನು ಗೆದ್ದದ್ದು ಮೇ 30. ಕ್ರೀಡೆಯಲ್ಲಿ ಉತ್ತೇಜಕ ಮದ್ದು ಬಳಸುವುದನ್ನು ಅಪರಾಧ ಮಾಡಿದ ಫ್ರಾನ್ಸಿನ ಮೊದಲ ಕಾನೂನಿನ ತಾರೀಖು 1965ರ ಜೂನ್ 1. ಎರಡೇ ದಿನ! ಬರೀ ನೀರು ಕುಡಿದು ಬೋರ್ಡೋ–ಪ್ಯಾರಿಸ್ ಓಡಿಸಬಹುದು ಎಂದು ಮೂರ್ಖ ಮಾತ್ರ ನಂಬಿಯಾನು ಎಂಬರ್ಥದ ಮಾತನ್ನು ಆಂಕ್ತಿಲ್ ಟೀವಿಯಲ್ಲಿ ಮಂತ್ರಿಯೊಬ್ಬರ ಎದುರೇ ಆಡಿದ್ದ. ಮುಚ್ಚಿಡುವ ಜಾಯಮಾನ ಅವನದಲ್ಲ. ಅವತ್ತು ಮೂರನೆಯವನಾಗಿ ಬಂದ ಸಿಂಪ್ಸನ್ 1967ರ ಟೂರ್‌ನಲ್ಲಿ ಮೋ ವಾಂತೂ ಬೆಟ್ಟದ ಮೇಲೆ ಕುಸಿದು ಸತ್ತ. ದೇಹದಲ್ಲಿ ಆಂಫೆಟಮಿನ್ ಇತ್ತು.

ಇದೆಲ್ಲ ಗೊತ್ತಾದ ಮೇಲೂ ಆ ರಾತ್ರಿಯ ಕತೆ ನನಗೆ ಇಷ್ಟವೇ. ಇಷ್ಟಪಡುವುದು ಸರಿಯೇ ಎಂದು ಕೇಳಿದರೆ ಉತ್ತರ ಇಲ್ಲ.

ರೇಸ್ ಸತ್ತದ್ದು ಹಗರಣದಿಂದಲ್ಲ, ಸವಾರರು ಕಡಿಮೆಯಾಗಿದ್ದರಿಂದ. ಇದಕ್ಕೆ ತಯಾರಾಗಬೇಕಾದರೆ ಬೇರೆಯದೇ ಅಭ್ಯಾಸ ಬೇಕು, ಮುಗಿದ ಮೇಲೆ ಸುಧಾರಿಸಿಕೊಳ್ಳಲು ದಿನಗಟ್ಟಲೆ ಬೇಕು. ಟೂರ್ ಗೆಲ್ಲುವ ಆಸೆ ಇರುವವನು ಮೇ ತಿಂಗಳಲ್ಲಿ ಇಂಥದ್ದಕ್ಕೆ ಯಾಕೆ ಬಂದಾನು? 1971 ಮತ್ತು 1972ರಲ್ಲಿ ನಡೆಯಲೇ ಇಲ್ಲ. ಮತ್ತೆ ಶುರುವಾದಾಗ ಅದು ಕೆಲವೇ ಪರಿಣತರ ರೇಸಾಗಿತ್ತು. ಬೆಲ್ಜಿಯಮ್ಮಿನ ಹರ್ಮನ್ ವ್ಯಾನ್ ಸ್ಪ್ರಿಂಗೆಲ್ 1970ರಿಂದ 1981ರೊಳಗೆ ಏಳು ಸಲ ಗೆದ್ದ (ಅದರಲ್ಲೊಂದು, 1974ರದ್ದು, ರೆಜಿ ದೆಲೆಪೀನ್ ಜೊತೆ ಹಂಚಿಕೊಂಡದ್ದು). 1968ರ ಟೂರನ್ನು ಕೊನೆಯ ದಿನ ಬರೀ 38 ಸೆಕೆಂಡಿನಿಂದ ಕಳೆದುಕೊಂಡವನು ಇವನೇ ಪಾಪ.

1985ರ ನಂತರ ಡೆರ್ನಿಯನ್ನೂ ತೆಗೆದರು. ಎಲ್ಲರಿಗೂ ಸುಲಭವಾಗಲಿ, ಬೇರೆ ರೇಸುಗಳ ಹಾಗೇ ಆಗಲಿ ಎಂಬ ಲೆಕ್ಕಾಚಾರ ಇದ್ದಿರಬೇಕು. ನನಗನ್ನಿಸುವುದು, ಅಲ್ಲೇ ತಪ್ಪಿದ್ದು. ಡೆರ್ನಿ ಇಲ್ಲದ ಬೋರ್ಡೋ–ಪ್ಯಾರಿಸ್ ಎಂದರೆ ಬರೀ ಉದ್ದದ ರೇಸ್, ಅಷ್ಟೇ. ಹಾಗೆ ಮೂರು ವರ್ಷ ನಡೆಯಿತು. 1988ರಲ್ಲಿ ಜಾ-ಫ್ರಾಂಸ್ವಾ ರೋ ಗೆದ್ದ. ಮರುವರ್ಷ ಒಂದು ದಿನದ ದೊಡ್ಡ ರೇಸುಗಳನ್ನು ಪೋಣಿಸಿ ವಿಶ್ವಕಪ್ ಶುರುಮಾಡಿದಾಗ ಆ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ.

ತಮಾಷೆ ನೋಡಿ, ಇದರಿಂದ ಹುಟ್ಟಿದ ಮಗು ಇನ್ನೂ ಬದುಕಿದೆ. ಮಿಲ್ಸ್ ಗೆದ್ದದ್ದನ್ನು ನೋಡಿ ಪಿಯೇರ್ ಜಿಫಾರ್ ಎಂಬ ಪತ್ರಕರ್ತ ಅದೇ 1891ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ನಡೆಸಿದ. 1200 ಕಿಲೋಮೀಟರ್, ಗೆದ್ದವನು ಬೋರ್ಡೋದಲ್ಲಿ ಹೊರಗುಳಿದಿದ್ದ ಅದೇ ತೆರೋ. ಈಗ ಅದು ರೇಸಲ್ಲ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹವ್ಯಾಸಿಗಳ ಸವಾರಿ. ಬೆಂಗಳೂರಿನಿಂದಲೂ ಹೋಗಿಬರುತ್ತಾರೆ. ಅದಕ್ಕೆ ಅರ್ಹತೆ ಪಡೆಯಲು ಮಾಡಬೇಕಾದ ಸವಾರಿಗಳಲ್ಲಿ ಒಂದು 600 ಕಿಲೋಮೀಟರಿನದು, 40 ಗಂಟೆಯೊಳಗೆ.

ನನ್ನ ಆಫೀಸಿನ ಒಬ್ಬ ಹುಡುಗ ಆ 600 ಮುಗಿಸಿ ಬಂದು ಸೋಮವಾರ ಕುಂಟುತ್ತ ಕ್ಯಾಂಟೀನಿಗೆ ಬಂದ. ಅವನಿಗೆ ಆಂಕ್ತಿಲ್ ಕತೆಯನ್ನೆಲ್ಲ ಹೇಳಿದೆ. ಟೂರ್, ಪೂಲಿದೋರ್, ಡೆರ್ನಿ ಯಾವುದೂ ಅವನಿಗೆ ಬೇಕಾಗಲಿಲ್ಲ. "ಅಲ್ಲಾ ಸಾರ್, ಆ ಫ್ಲೈಟಲ್ಲಾದ್ರೂ ಸ್ವಲ್ಪ ನಿದ್ದೆ ಮಾಡಿದ್ನಾ?" ಅಂದ.