ಬಾಡಿಗೆ ಮನೆಯ ಗೋಡೆ, ಮಾಲೀಕರ ಮೀಟರು

ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕೆಂಬುದನ್ನು ಮೇಷ್ಟರ ಕೆಲಸದಲ್ಲಿ ಊರೂರು ಅಲೆದವರೆಲ್ಲ ಬಲ್ಲರು. ಬೆಂಗಳೂರಿನಲ್ಲಿ ಬಾಡಿಗೆಗಿರುವ ಹಂದನಕೆರೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ, "ಸಾರ್, ಕರೆಂಟ್ ಕಾರು ತಗೋಬೇಕು ಅಂತಿದೀನಿ. ಚಾರ್ಜರ್ ಹಾಕಿಸೋಕೆ ಓನರ್ ಒಪ್ತಾ ಇಲ್ಲ" ಎಂದು ಹೇಳಿಕೊಂಡ. ಮಕ್ಕಳ ಶಾಲೆ ಸಮೀಪದಲ್ಲಿರುವುದರಿಂದ ಆ ಮನೆಯನ್ನು ಬಿಡುವಂತೆಯೂ ಇಲ್ಲವಂತೆ. ಕಾರು ಹೊಸದಾದರೂ ಈ ತಕರಾರು ಹಳೆಯದು. ಅದಕ್ಕೆ ಶತಮಾನದ ಹಿನ್ನೆಲೆಯುಂಟು.

ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಐದೇ ವರ್ಷಗಳಲ್ಲಿ, ಅಂದರೆ 1910ರಲ್ಲಿ, ಬ್ರಿಟಿಷ್ ಇಂಡಿಯಾಕ್ಕೆ ವಿದ್ಯುತ್ ಕಾಯಿದೆ ಬಂದಿತು. ವಿದ್ಯುತ್ತನ್ನು ಕೋರುವ ಹಕ್ಕು ಮನೆಯ ಒಡೆಯನಿಗೆ ಮಾತ್ರವಲ್ಲ, ಅದರಲ್ಲಿ ವಾಸಿಸುವವನಿಗೂ ಉಂಟೆಂದು ಆ ಕಾಯಿದೆಯೇ ಹೇಳಿತ್ತು. ಆದರೆ ಕಾಗದದ ಮೇಲಿನ ಮಾತು ಹಳ್ಳಿಯ ಜಗುಲಿಯವರೆಗೆ ಬರುವುದು ಸುಲಭವೇ?

1957ರಲ್ಲಿ ರಾಜ್ಯದ ವಿದ್ಯುತ್ ಮಂಡಲಿ ಸ್ಥಾಪನೆಯಾದ ಮೇಲೆ ಹಳ್ಳಿಗಳಿಗೆ ಕಂಬಗಳು ಬರತೊಡಗಿದವು. ನಮ್ಮ ತೆಂಗಿನ ಸೀಮೆಯಲ್ಲಿ ತೋಟದ ಪಂಪ್‌ಸೆಟ್ಟಿಗೆ ಇದ್ದ ಮರ್ಯಾದೆ ಮನೆಯ ದೀಪಕ್ಕೆ ಇರಲಿಲ್ಲ. ಬಾಡಿಗೆಯವರ ಪಾಡನ್ನಂತೂ ಕೇಳುವಂತಿಲ್ಲ. ಮಾಲೀಕರ ಮೀಟರಿನಿಂದ ಎಳೆದ ಒಂದು ತಂತಿ, ನಡುಮನೆಗೆ ಒಂದು ಬಲ್ಬು, ತಿಂಗಳಿಗೆ ಬಲ್ಬಿಗೆ ಇಂತಿಷ್ಟೆಂದು ದರ. ನಾನಿದ್ದ ಒಂದು ಮನೆಯಲ್ಲಿ ಕರೆಂಟಿನ ಇಸ್ತ್ರಿ ಪೆಟ್ಟಿಗೆಗೆ ನಿಷೇಧವಿತ್ತು. ತೆಂಗಿನ ಚಿಪ್ಪಿನ ಕೆಂಡ ತುಂಬಿ ಅಂಗಿ ಇಸ್ತ್ರಿ ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದೆ. (ಚಿಪ್ಪಿಗೆ ನಮ್ಮಲ್ಲಿ ಬರವೇ?) 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾದಾಗ, ಭಾನುವಾರ ಕರೆಂಟು ಕೈಕೊಟ್ಟೀತೆಂಬ ಭಯದಿಂದ ಬ್ಯಾಟರಿಯನ್ನು ಬಸ್ಸಿನ ಮೇಲೆ ಹಾಕಿ ಪೇಟೆಗೆ ಕಳುಹಿಸಿ ಚಾರ್ಜ್ ಮಾಡಿಸಿ ತರುತ್ತಿದ್ದವರಿದ್ದರು. ಮನೆಯಲ್ಲಿ ಪ್ಲಗ್ ಇಲ್ಲದವನು ಚಾರ್ಜಿಗಾಗಿ ಊರೂರು ಅಲೆಯುವುದು ಹೀಗೆ ನಮಗೆ ಅಪರಿಚಿತವೇನಲ್ಲ.

ಇನ್ನು ಕಾರಿನ ವಿಷಯ. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಿತು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ ಸುಮಾರು ಎಂಟು ಗಂಟೆ ಬಿಟ್ಟರೆ ಅದರ ಬ್ಯಾಟರಿ ತುಂಬುತ್ತಿತ್ತು. ಸ್ವಂತ ಮನೆಯಲ್ಲಿ, ಕಾರು ನಿಲ್ಲುವಲ್ಲಿಯೇ ಪ್ಲಗ್ ಇದ್ದವನಿಗೆ ಅದು ಅನುಕೂಲ. ಮೂರನೆಯ ಮಹಡಿಯ ಬಾಡಿಗೆದಾರ ಏನು ಮಾಡಬೇಕೆಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲಿಗೆ ಪ್ರಕಟಿಸಿದ ರಾಜ್ಯ ನಮ್ಮದು. ಆದರೂ ಆ ಪ್ರಶ್ನೆ ಬಹುಕಾಲ ಹಾಗೆಯೇ ಉಳಿಯಿತು.

ಕಾನೂನು ಮಾತ್ರ ಬಾಡಿಗೆದಾರನ ಪರವಾಗಿ ಮೆಲ್ಲನೆ ನಡೆದುಬಂದಿದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 43ನೆಯ ಕಲಮು 'ಮಾಲೀಕ ಅಥವಾ ಅಧಿಭೋಗದಾರ' ಎಂಬ ಹಳೆಯ ಮಾತನ್ನೇ ಉಳಿಸಿಕೊಂಡಿತು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಮನೆಯೊಡೆಯ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ತನ್ನು ನಿರಾಕರಿಸುವಂತಿಲ್ಲ, ಅರ್ಜಿದಾರ ಆ ಮನೆಯಲ್ಲಿ ವಾಸವಿದ್ದಾನೆಯೇ ಎಂಬುದನ್ನಷ್ಟೇ ನೋಡಬೇಕು ಎಂದಿತು. 2024ರ ತಿದ್ದುಪಡಿ ನಿಯಮಗಳ ಪ್ರಕಾರ ವಾಹನದ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಪಡೆಯಬಹುದು.

ಹಾಗೆಂದು ಮಾಲೀಕರ ಅಂಜಿಕೆಯೆಲ್ಲ ಸುಳ್ಳೆಂದು ನಾನು ಹೇಳಲಾರೆ. ವಿದ್ಯುತ್ತಿನ ಹಕ್ಕು ಬೇರೆ, ಗೋಡೆ ಕೊರೆಯುವ ಹಕ್ಕು ಬೇರೆ. ಮಾಮೂಲಿ 16 ಆಂಪಿಯರ್ ಪ್ಲಗ್ಗಿನ ಚಾರ್ಜರ್ ಮೂರು ಕಿಲೋವ್ಯಾಟಿಗೂ ಮೀರಿ ಎಳೆಯುತ್ತದೆ. 30 ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ಹಳೆಯ ಮನೆಯ ತೆಳುವಾದ ತಂತಿ ಅಷ್ಟು ಹೊತ್ತು ಆ ಹೊರೆ ಹೊತ್ತರೆ ಕಾಯುತ್ತದೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ಅಪಾಯವೂ ಉಂಟು. ಮಂಜೂರಾದ ಲೋಡು ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು, ಆರ್.ಆರ್. ನಂಬರು ಮಾಲೀಕರ ಹೆಸರಿನಲ್ಲಿದ್ದರೆ ಅರ್ಜಿಗೆ ಅವರೇ ಬೇಕು. ಜೊತೆಗೆ 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕವೊಂದಿದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ನೂರೈವತ್ತು ಯೂನಿಟ್ ಬೇಕೆಂದುಕೊಳ್ಳಿ. ಮನೆಯ ಬಳಕೆಯೂ ಅದೇ ಮೀಟರಿನಲ್ಲಿ ಸೇರಿದರೆ ಇನ್ನೂರು ದಾಟಿ ಇಡೀ ಬಿಲ್ಲು ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಪ್ರತ್ಯೇಕ ಮೀಟರೇ ಇಬ್ಬರಿಗೂ ಕ್ಷೇಮ.

ಕರಾರು ಪತ್ರದಲ್ಲಿ ನಾಲ್ಕು ಸಾಲು ಬರೆಸಿಕೊಳ್ಳೆಂದು ನನ್ನ ಶಿಷ್ಯನಿಗೆ ಹೇಳಿದ್ದೇನೆ. ತಂತಿ, ಮೀಟರುಗಳ ಖರ್ಚು ಯಾರದು, ಪರವಾನಗಿ ಪಡೆದ ಗುತ್ತಿಗೆದಾರನಿಂದಲೇ ಕೆಲಸವಾಗಬೇಕು, ಮನೆ ಬಿಡುವಾಗ ಚಾರ್ಜರ್ ಅವನದು, ಗೋಡೆಯೊಳಗಿನ ತಂತಿ ಮಾಲೀಕರದು. ಇಷ್ಟು ಬರವಣಿಗೆಯಲ್ಲಿದ್ದರೆ ಅಡ್ವಾನ್ಸ್ ಹಣ ವಾಪಸು ಕೊಡುವ ದಿನ ಜಗಳವಿರದು. ಯುಗಾದಿಗೆ ಅದೇ ಕಾರಿನಲ್ಲಿ ಊರಿಗೆ ಬರುತ್ತೇನೆಂದಿದ್ದಾನೆ. ತೋಟಗಳ ಮೋಟರು ಓಡುವ ಹೊತ್ತಿನಲ್ಲಿ ವೋಲ್ಟೇಜು ಇಳಿಯುತ್ತದೆ, ತಿಪಟೂರಿನಲ್ಲೋ ತುಮಕೂರಿನಲ್ಲೋ ಒಂದಿಷ್ಟು ತುಂಬಿಸಿಕೊಂಡೇ ಬಾರೆಂದು ತಿಳಿಸಿದ್ದೇನೆ.